ತುಕ್ಕಿನ ತವರಿನಲ್ಲಿ ಒಂದು ಸುತ್ತು

ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಹಿರಿಯೂರನ್ನು ಸಮೀಪಿಸುತ್ತಿದ್ದಂತೆ ನೆಲ ಕೆಲವೆಡೆ ಕಪ್ಪಾಗಿಯೂ ಕೆಲವೆಡೆ ಕೆಂಪಾಗಿಯೂ ಕಾಣುತ್ತದೆ. ಕೆಂಪು ಮಣ್ಣಿಗೆ ಆ ಬಣ್ಣ ಬಂದದ್ದು ಕಬ್ಬಿಣದ ಆಕ್ಸೈಡಿನಿಂದ. ಇದೇ ಹೆದ್ದಾರಿಯ ಬದಿಯ ಗ್ಯಾರೇಜಿನಲ್ಲಿ ನಿಂತ ಹಳೆಯ ಕಾರೊಂದರ ಬಾಗಿಲ ಬುಡವನ್ನು ಉಗುರಿನಿಂದ ಕೆರೆದರೆ ಉದುರುವ ಪುಡಿಯೂ ಹೆಚ್ಚುಕಡಿಮೆ ಅದೇ ವಸ್ತು. ಮಣ್ಣಿನಲ್ಲಿದ್ದರೆ ಅದು ರೈತನ ಹೊಲ. ಕಾರಿನಲ್ಲಿದ್ದರೆ ತುಕ್ಕು, ಯಜಮಾನನ ಜೇಬಿಗೆ ಕತ್ತರಿ.

ಕಬ್ಬಿಣ ಭೂಮಿಯಲ್ಲಿ ಲೋಹವಾಗಿ ಸಿಗುವುದು ಬಲು ಅಪರೂಪ. ಅದು ಸಿಗುವುದು ಆಮ್ಲಜನಕದೊಂದಿಗೆ ಕೂಡಿಕೊಂಡ ಅದಿರಾಗಿ. ಕುಲುಮೆಯಲ್ಲಿ ಇದ್ದಿಲನ್ನೋ ಕೋಕನ್ನೋ ಉರಿಸಿ, ಅಪಾರ ಶಾಖ ಕೊಟ್ಟು, ಆ ಆಮ್ಲಜನಕವನ್ನು ಬೇರ್ಪಡಿಸಿದಾಗ ಲೋಹ ಕೈಗೆ ಬರುತ್ತದೆ. ಆದರೆ ಹೀಗೆ ಬಲವಂತದಿಂದ ಬಿಡಿಸಿದ ನಂಟು ಪೂರ್ತಿ ಕಡಿದುಹೋಗುವುದಿಲ್ಲ. ನೀರು ಮತ್ತು ಗಾಳಿ ಎರಡೂ ಸಿಕ್ಕಿದರೆ ಸಾಕು, ಕಬ್ಬಿಣ ಮತ್ತೆ ಅದಿರಿನ ರೂಪಕ್ಕೆ ಮರಳತೊಡಗುತ್ತದೆ. ತುಕ್ಕು ಎಂದರೆ ಕಬ್ಬಿಣ ತವರಿಗೆ ಹೊರಟ ಪ್ರಯಾಣ.

ಆ ತವರನ್ನು ಕಣ್ಣಾರೆ ಕಾಣಬೇಕಾದರೆ ಚಿತ್ರದುರ್ಗ ಜಿಲ್ಲೆಗಿಂತ ಒಳ್ಳೆಯ ಜಾಗ ಬೇಕಿಲ್ಲ. ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಬಂಡೆಗಳಿವೆ. ನೀರಿನಡಿ ಉಕ್ಕಿದ ಲಾವಾ ತಟ್ಟನೆ ತಣಿದಾಗ ಈ ಆಕಾರ ಬರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ, ಈಗ ಮಳೆಗಾಗಿ ಮುಗಿಲು ನೋಡುವ ಈ ಸೀಮೆಯ ಮೇಲೆ ಸಮುದ್ರವಿತ್ತು! ಅಂದಿನ ಸಾಗರಗಳ ನೀರಿನಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಬರಿಗಣ್ಣಿಗೆ ಕಾಣದ ಜೀವಿಗಳು ಬಿಸಿಲನ್ನು ಬಳಸಿ ಆಮ್ಲಜನಕವನ್ನು ಹೊರಬಿಟ್ಟಂತೆ ಆ ಕಬ್ಬಿಣ ಆಕ್ಸೈಡಾಗಿ ತಳಕ್ಕಿಳಿಯಿತು. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಪದರಪದರವಾಗಿ ಕಾಣುವ ಕಬ್ಬಿಣದ ಕಲ್ಲು ಹುಟ್ಟಿದ್ದು ಹೀಗೆ. ಸಮುದ್ರಕ್ಕೇ ತುಕ್ಕು ಹಿಡಿದಿತ್ತು ಎಂದರೂ ನಡೆದೀತು.

ಇಂದಿನ ಹಿರಿಯೂರು ರಾಜ್ಯದ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದು. ವೇದಾವತಿಗೆ ಅಡ್ಡಲಾಗಿ ಮಾರಿ ಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಇಂಥ ಒಣಹವೆ ಬೆಳೆಗೆ ಕಷ್ಟ, ಕಾರಿಗೆ ಹಿತ. ಅದೇ ಕಾರು ಕರಾವಳಿಯಲ್ಲಿದ್ದರೆ ಕಥೆ ಬೇರೆ. ಅಲ್ಲಿನ ಗಾಳಿಯಲ್ಲಿರುವ ಉಪ್ಪು ತೇವವನ್ನು ಹಿಡಿದಿಡುತ್ತದೆ. ನೀರಿನಲ್ಲಿ ವಿದ್ಯುತ್ ಹರಿಯುವುದನ್ನೂ ಸುಲಭಗೊಳಿಸುತ್ತದೆ.

ವಿದ್ಯುತ್ತಿಗೂ ತುಕ್ಕಿಗೂ ಏನು ಸಂಬಂಧ? ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕಬ್ಬಿಣದ ತಗಡಿನ ಮೇಲೊಂದು ನೀರಹನಿ ಕುಳಿತಿದೆ ಎನ್ನಿ. ಹನಿಯ ಅಂಚಿಗೆ ಆಮ್ಲಜನಕ ಸುಲಭವಾಗಿ ದೊರೆಯುತ್ತದೆ, ನಡುವಿಗೆ ದೊರೆಯುವುದು ಕಡಿಮೆ. ಆಗ ನಡುವಿನ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ; ಅಂಚಿನಲ್ಲಿ ಆಮ್ಲಜನಕ ಅವನ್ನು ಪಡೆದುಕೊಳ್ಳುತ್ತದೆ. ಹನಿಯೊಂದು ಪುಟ್ಟ ಬ್ಯಾಟರಿಯೇ ಆಗುತ್ತದೆ. ತುಕ್ಕು ಕಾಣುವುದು ಒಂದು ಕಡೆ, ಗುಳಿ ಬೀಳುವುದು ಇನ್ನೊಂದು ಕಡೆ. ಕಾರಿನ ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡ ಹಸಿ ಮಣ್ಣಿನಡಿ, ಎರಡು ತಗಡು ಸೇರುವ ಸಂದಿನಲ್ಲಿ, ಗಾಳಿ ಹೆಚ್ಚು ಸೋಕದ ಜಾಗದಲ್ಲೇ ಲೋಹ ಸವೆಯುವುದರ ಗುಟ್ಟು ಇದು.

ಹಿರಿಯೂರಿನಿಂದ ಸುಮಾರು 40 ಕಿಲೋಮೀಟರು ಸಾಗಿದರೆ ಚಿತ್ರದುರ್ಗ. ಪ್ರವಾಸಿಗರು ಕೋಟೆಯತ್ತ ನಡೆಯುತ್ತಾರೆ. ಏಳು ಸುತ್ತಿನ ಆ ಕಲ್ಲಿಗೆ ತುಕ್ಕಿನ ಭಯವಿಲ್ಲ. ಭಯವಿರುವುದು ಕೆಳಗೆ ರಸ್ತೆಯಲ್ಲಿ ಓಡಾಡುವ ತಗಡಿನ ವಾಹನಗಳಿಗೆ. ಲಾರಿ ದಟ್ಟವಾಗಿ ಸಂಚರಿಸುವ ಊರುಗಳಲ್ಲೆಲ್ಲ ಇರುವಂತೆ ಇಲ್ಲಿಯೂ ‘ಟಿಂಕರಿಂಗ್’ ಕೆಲಸದ ಸುತ್ತಿಗೆಯ ಸದ್ದು ಕೇಳುತ್ತದೆ. ತಯಾರಿಕೆ ನಿಂತುಹೋದ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಮೇಲೆ ಕೈ ಪಳಗಿಸಿಕೊಂಡ ತಲೆಮಾರಿನ ವಿದ್ಯೆ ಇದು.

ಹಿಂದೆ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಹಿರಿಯರು ಮರೆತಿರಲಾರರು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ ಅದರ ಮೂಲ. ಆ ಹೆರಾಲ್ಡಿನ ಚಾಸಿಯನ್ನೇ ಗಿಡ್ಡಗೊಳಿಸಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಬಂತು. ಅದೇ ವರ್ಷ ಎಂ.ಜಿ.ಬಿ. ಕೂಡ ಬಂತು. ಎಂ.ಜಿ.ಬಿ.ಗೆ ಬೇರೆ ಚಾಸಿ ಇಲ್ಲ, ಒಡಲೇ ಬೆನ್ನೆಲುಬು. ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಹೊಸ್ತಿಲು, ಅಂದರೆ ಸಿಲ್, ಕಾರಿನ ಭಾರವನ್ನು ಹೊರುತ್ತದೆ. ಮೇಲ್ಚಾವಣಿಯಿಲ್ಲದ ಕಾರಿಗಂತೂ ಅದೇ ಆಧಾರ. ಆ ಹೊಸ್ತಿಲು ಒಳಗಿನಿಂದ ತುಕ್ಕು ಹಿಡಿದರೆ ಕಾರು ನಡುವಿನಲ್ಲೇ ಕುಸಿಯಬಹುದು. ಅಪಘಾತದಲ್ಲಿ ಒಳಗಿದ್ದವರನ್ನು ಕಾಯಲಾರದು. ಹೀಗೆ ಒಡಲು ಕೊಳೆತ ಎಂ.ಜಿ.ಬಿ.ಗಳಿಗಾಗಿ ಇಂಗ್ಲೆಂಡಿನಲ್ಲಿ 1988ರಿಂದ ಇಡೀ ಹೊಸ ಒಡಲನ್ನೇ ಮಾಡಿ ಮಾರತೊಡಗಿದರು.

ಹಳೆಯ ಕಾರಿನ ತುಕ್ಕಿಗೆ ಎರಡು ಬಗೆಯ ಉಪಚಾರಗಳಿವೆ. ಒಂದು ಸುಲಭದ್ದು: ರಂಧ್ರಕ್ಕೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಬಳಿಯುವುದು. ಕಾರು ಮದುವಣಗಿತ್ತಿಯಂತೆ ಹೊಳೆಯುತ್ತದೆ. ಒಳಗಿನ ತುಕ್ಕು ಮಾತ್ರ ತನ್ನ ಕೆಲಸ ನಿಲ್ಲಿಸುವುದಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದ ಉಬ್ಬಿ ಬಣ್ಣವನ್ನು ಮೇಲೆತ್ತುತ್ತದೆ. ಮಳೆಗಾಲ ಕಳೆಯುವುದರೊಳಗೆ ಗುಳ್ಳೆಗಳು ಏಳಬಹುದು.

ಇನ್ನೊಂದು ತಾಳ್ಮೆಯದು. ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಬೆಸುಗೆಯ ಹತ್ತಿರ ಪೆಟ್ರೋಲ್ ಟ್ಯಾಂಕ್ ಇದ್ದರೆ ಕಳಚಿ ದೂರವಿಡಬೇಕು. ಬಣ್ಣ ಕೆರೆದು, ಹೊಳೆಯುವ ಗಟ್ಟಿ ಲೋಹ ಕಾಣುವವರೆಗೆ ಕೆಟ್ಟ ತಗಡನ್ನು ಕತ್ತರಿಸಬೇಕು. ರಂಧ್ರ ಅಂಗೈಯಷ್ಟಿದ್ದರೆ ಕತ್ತರಿಸುವ ಭಾಗ ಅದಕ್ಕೂ ದೊಡ್ಡದಾಗುವುದು ಸಾಮಾನ್ಯ. ಯಜಮಾನನ ಎದೆ ಹೊಡೆದುಕೊಳ್ಳುವುದು ಆಗಲೇ. ಅಷ್ಟೇ ದಪ್ಪದ ಹೊಸ ತಗಡನ್ನು ಬಗ್ಗಿಸಿ, ಚುಕ್ಕೆಚುಕ್ಕೆಯಾಗಿ ಬೆಸೆದು, ಆರಲು ಬಿಟ್ಟು ಮತ್ತೆ ಬೆಸೆಯಬೇಕು; ಅವಸರ ಮಾಡಿದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ. ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಹಚ್ಚಿದರೆ ಅದು ಕಬ್ಬಿಣದ ಫಾಸ್ಫೇಟಾಗಿ ಬದಲಾಗುತ್ತದೆ. ಆಮೇಲೆ ಸತುವಿನ ಪ್ರೈಮರ್, ಸಂದುಗಳಿಗೆ ಸೀಲರ್, ಕೊನೆಗೆ ಬಣ್ಣ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಮಕ್ಕಳು ದೂರ ನಿಂತು ನೋಡಬೇಕು.

ಸತುವೇ ಏಕೆ? ಉತ್ತರ ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿಯಲ್ಲಿ ಕಣ್ಣಿಗೆ ಬಿದ್ದೀತು. ಮನೆಗಳ ಮೇಲಿನ ಜಿಂಕ್ ಶೀಟನ್ನು ಗಮನಿಸಿ. ಅದು ಸತು ಲೇಪಿಸಿದ ಕಬ್ಬಿಣ. ಸತು ಕಬ್ಬಿಣಕ್ಕಿಂತ ಬೇಗ ಎಲೆಕ್ಟ್ರಾನು ಬಿಟ್ಟುಕೊಡುತ್ತದೆ. ಮೇಲೆ ಗೀರು ಬಿದ್ದರೂ ತಾನು ಸವೆದು ಪಕ್ಕದ ಕಬ್ಬಿಣವನ್ನು ಉಳಿಸುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲುಹಳಿಗಳನ್ನು ನೋಡಿದರೆ ಇನ್ನೊಂದು ಪಾಠ. ಚಕ್ರ ಉಜ್ಜುವ ಮೇಲ್ಭಾಗ ಬೆಳ್ಳಿಯಂತೆ ಹೊಳೆದರೆ ಬದಿಗಳು ಕಂದು. ಹಳಿ ದಪ್ಪವಾದ್ದರಿಂದ ಆ ತುಕ್ಕು ಬಹುಕಾಲ ಮೇಲ್ಮೈಯಲ್ಲೇ ಇರುತ್ತದೆ. ಕಾರಿನ ತಗಡು ಒಂದು ಮಿಲಿಮೀಟರಿನ ಆಸುಪಾಸು ಮಾತ್ರ. ಅಷ್ಟನ್ನು ತಿಂದು ಮುಗಿಸಲು ತುಕ್ಕಿಗೆ ಹೆಚ್ಚು ಕಾಲ ಬೇಡ.

ಹೊಳಲ್ಕೆರೆಯ ಅಡಿಕೆ ತೋಟಗಳನ್ನು ಬಿಟ್ಟು ಹೊಸದುರ್ಗದ ಕಡೆ ತಿರುಗಿದರೆ ತೆಂಗಿನ ಸೀಮೆ. ಸುಗ್ಗಿ ಮುಗಿದ ಮೇಲೆ ಕುಡುಗೋಲಿಗೆ ಎಣ್ಣೆ ಸವರಿ ಸೂರಿಗೆ ಸಿಕ್ಕಿಸುವ ರೈತನಿಗೆ ರಸಾಯನಶಾಸ್ತ್ರದ ಪುಸ್ತಕ ಬೇಕಾಗಿಲ್ಲ. ನೀರನ್ನೂ ಗಾಳಿಯನ್ನೂ ಲೋಹದಿಂದ ದೂರವಿಡಬೇಕೆಂಬುದು ಅವನಿಗೆ ಗೊತ್ತು. ಕಾರಿನ ಹೊಸ್ತಿಲೊಳಗೆ ಮೇಣ ಸಿಂಪಡಿಸುವುದೂ ಇದೇ ಉಪಾಯ. ಇದರ ಜೊತೆಗೆ ಬಾಗಿಲ ಬುಡದಲ್ಲಿ ನೀರು ಇಳಿಯುವ ಸಣ್ಣ ತೂತುಗಳನ್ನು ಆಗಾಗ ಚೊಕ್ಕಟ ಮಾಡಿದರೆ, ಮಡ್‌ಗಾರ್ಡಿನ ಕೆಸರು ತೊಳೆದರೆ, ಖರ್ಚಿಲ್ಲದೆ ಕಾರಿನ ಆಯುಷ್ಯ ಹೆಚ್ಚುತ್ತದೆ.

ಈಗ ತಂದೆತಾಯಿಯರಿಗೆ ಒಂದು ಮಾತು. ಹಳೆಯ ಕಾರು ಕೊಳ್ಳಲು ಹೋಗುವಾಗ ಮಕ್ಕಳನ್ನೂ ಕರೆದೊಯ್ಯಿರಿ. ಅವರ ಆಟಿಕೆಯ ಪುಟ್ಟ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ, ಹೊಸ್ತಿಲ ಮೇಲೆ, ಚಕ್ರದ ಕಮಾನಿನ ಮೇಲೆ, ಬಾಗಿಲ ಬುಡದಲ್ಲಿ ಇಟ್ಟು ನೋಡಲು ಹೇಳಿ. ಉಕ್ಕಿನ ತಗಡಿದ್ದರೆ ಅಂಟುತ್ತದೆ; ದಪ್ಪ ಪುಟ್ಟಿಯಿದ್ದರೆ ಜಾರಿ ಬೀಳುತ್ತದೆ. ಮೂಲದಲ್ಲೇ ಪ್ಲಾಸ್ಟಿಕ್ಕಿನಿಂದಲೋ ಫೈಬರಿನಿಂದಲೋ ಮಾಡಿದ ಭಾಗಗಳಿಗೆ ಈ ಪರೀಕ್ಷೆ ಸಲ್ಲದು. ಬಣ್ಣ ಎಷ್ಟೇ ಹೊಳೆಯಲಿ, ಅಯಸ್ಕಾಂತ ಮೋಸಹೋಗುವುದಿಲ್ಲ.