ಒಲೆಗೆ ಬಂದ ದ್ರಾಕ್ಷಾರಸ

ಅಡಿಗೆಯ ವಿಷಯವು ಸಾಹಿತ್ಯದ ಪತ್ರಿಕೆಯಲ್ಲಿ ಸ್ಥಾನ ಪಡೆಯಲು ಯೋಗ್ಯವೋ ಅಲ್ಲವೋ ಎಂದು ಕೆಲವು ವಾಚಕರು ಸಂದೇಹಪಡಬಹುದು. ಕನ್ನಡ ನಾಡಿನ ಪೂರ್ವಿಕರಿಗೆ ಈ ಸಂದೇಹವಿದ್ದಂತೆ ತೋರುವದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಬಾವಿ, ತೋಟ, ವೈದ್ಯಗಳ ಜೊತೆಗೆ ಸೂಪಶಾಸ್ತ್ರಕ್ಕೂ ಎಡೆಗೊಟ್ಟನು. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗದಲ್ಲಿ ಮಾಂಸಪಾಕಗಳನ್ನು ವಿಸ್ತಾರವಾಗಿ ವರ್ಣಿಸಿದನು. ಮೂರನೆಯ ಮಂಗರಸನು ಶಾಕಾಹಾರದ ಅಡಿಗೆಯನ್ನೇ ಪದ್ಯಗಳಲ್ಲಿ ಹೇಳಿದನು. ಒಲೆಯ ಮುಂದೆ ಮನುಷ್ಯನು ತನ್ನ ರುಚಿಯನ್ನು ಮಾತ್ರವಲ್ಲ, ತನ್ನ ನಂಬಿಗೆ, ನೆನಪು, ಭಯ, ಮರ್ಯಾದೆಗಳನ್ನೂ ಬಯಲಿಗಿಡುವನೆಂಬದನ್ನು ಅವರು ಬಲ್ಲವರಾಗಿದ್ದರು.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರೈಲುದಾರಿಯಲ್ಲಿ ದೇಸೂರ ಎಂಬ ಊರು ಇರುವದು. ಒಂದು ಕಡೆಗೆ ದಂಡಿನ ಕ್ಯಾಂಪು, ಶಾಲೆ, ಪೇಟೆಗಳುಳ್ಳ ಬೆಳಗಾವಿ; ಇನ್ನೊಂದು ಕಡೆಗೆ ಮಲಪ್ರಭೆಯ ದಂಡೆಯ ಖಾನಾಪುರ ಮತ್ತು ಅದರಾಚೆಯ ದಟ್ಟ ಅಡವಿ. ಅದೇ ದಾರಿಯು ಲೋಂಡಾದಲ್ಲಿ ತಿರುಗಿ ಘಟ್ಟವನ್ನಿಳಿದು ಗೋವೆಯ ಮುರಗಾಂವ ಬಂದರನ್ನು ಮುಟ್ಟುವದು. ಆದುದರಿಂದ ಈ ಭಾಗದ ಅಡಿಗೆಮನೆಗಳಲ್ಲಿ ಬಯಲುಸೀಮೆಯ ಜೋಳದ ರೊಟ್ಟಿ, ಮಲೆಸೀಮೆಯ ಅಕ್ಕಿ, ಮರಾಠಿಯ ಮಸಾಲೆ, ಕೊಂಕಣಿಯ ಆಮಸೂಲು ಇವು ಬಹುಕಾಲದಿಂದ ನೆರೆಹೊರೆಯವರಂತೆ ಬಾಳಿವೆ. ಇಂಥಲ್ಲಿ ಹೊಸದೊಂದು ಪಾಕವು ಬಂದು ಬಾಗಿಲು ತಟ್ಟಿದರೆ ಆಶ್ಚರ್ಯವೇನೂ ಇಲ್ಲ.

ಇತ್ತೀಚೆಗೆ ಸುಶಿಕ್ಷಿತ ಮನೆತನಗಳಲ್ಲಿ ಕಾಲಿಡುತ್ತಿರುವ ಪಾಕವೊಂದುಂಟು: ಕೋಳಿಯ ಮಾಂಸವನ್ನು ಬೆಣ್ಣೆಯಲ್ಲಿ ಹುರಿದು, ಅಳಂಬಿ, ಬಿಳಿ ದ್ರಾಕ್ಷಾರಸ, ಕೆನೆಗಳ ರಸ್ಸಾದಲ್ಲಿ ಅದ್ದಿ, ಅರ್ಧ ತಾಸಿನೊಳಗೆ ಎಲೆಗೆ ಬಡಿಸುವದು. ಇದರ ಮೂಲವು ಫ್ರೆಂಚರ ಅಡಿಗೆ. ಅಲ್ಲಿಯೂ ಮೊದಲು ಇದು ಅವಸರದ ಅಡಿಗೆಯಾಗಿರಲಿಲ್ಲ. ‘ಕೊಕ್ ಓ ವ್ಯಾಂ’ ಎಂಬ ಅವರ ಹಳ್ಳಿಗಾಡಿನ ಪಾಕದಲ್ಲಿ ಮುದಿ ಹುಂಜದ ಬಿರುಸು ಮಾಂಸವನ್ನು ದ್ರಾಕ್ಷಾರಸದಲ್ಲಿ ತಾಸುಗಟ್ಟಲೆ ಬೇಯಿಸುವರು. ಆಗಲೇ ಅದು ಹಲ್ಲಿಗೆ ಬಗ್ಗುವದು. ನಮ್ಮ ಜವಾರಿ ಕೋಳಿಯ ಸ್ವಭಾವವೂ ಇದೇ. ಅಂಗಳದಲ್ಲಿ ಕೆದರಿ, ಬೇಲಿ ಹಾರಿ, ತಿಂಗಳುಗಟ್ಟಲೆ ಬೆಳೆದ ಆ ಪ್ರಾಣಿಯು ಅವಸರಕ್ಕೆ ಒಲಿಯುವದಿಲ್ಲ. ಆರು ವಾರಗಳಲ್ಲಿಯೇ ಬಲಿಯುವ ಫಾರಂ ಕೋಳಿಯು ಬಂದ ಮೇಲೆಯೇ ಅರ್ಧ ತಾಸಿನ ಪಾಕವು ಸಾಧ್ಯವಾಯಿತು. ರುಚಿಯಲ್ಲಿ ಅದು ಸಪ್ಪೆ. ಅದಕ್ಕಾಗಿಯೇ ಅದಕ್ಕೆ ರಸ್ಸಾದ ಆಸರೆ ಬೇಕು.

ಮಾಡುವ ಕ್ರಮವು ಕಠಿಣವಲ್ಲ. ನಾಲ್ವರಿಗೆ ಎಲುಬಿಲ್ಲದ ಅರ್ಧ ಕಿಲೋ ಮಾಂಸ, 200 ಗ್ರಾಂ ಅಳಂಬಿ, ಒಂದು ಉಳ್ಳಾಗಡ್ಡಿ, ನಾಲ್ಕು ಎಸಳು ಬಳ್ಳೊಳ್ಳಿ, ಎರಡು ಚಮಚ ಬೆಣ್ಣೆ, 120 ಮಿಲಿಲೀಟರ್ ದ್ರಾಕ್ಷಾರಸ, ಅಷ್ಟೇ ಗಟ್ಟಿ ಕೆನೆ, ಉಪ್ಪು ಮತ್ತು ಕರಿಮೆಣಸಿನ ಪುಡಿ ಇಷ್ಟಿದ್ದರೆ ಸಾಕು. ಮಾಂಸವನ್ನು ತೆಳ್ಳಗಿನ ಹೋಳುಗಳಾಗಿ ಕೊಯ್ದು, ಬಟ್ಟೆಯಿಂದ ಒರಸಿ ಪಸೆಯನ್ನು ತೆಗೆಯಬೇಕು. ಒದ್ದೆಯಾದ ಮಾಂಸವು ಹುರಿಯುವದಿಲ್ಲ, ಬೇಯುವದು. ಅಗಲ ತಳದ ಕಡಾಯಿಯನ್ನು ಚೆನ್ನಾಗಿ ಕಾಯಿಸಿ, ಬೆಣ್ಣೆಗೆ ತುಸು ಎಣ್ಣೆಯನ್ನು ಕೂಡಿಸಿ, ಹೋಳುಗಳನ್ನು ಒಂದಕ್ಕೊಂದು ತಾಗದಂತೆ ಹರವಬೇಕು. ಎರಡೂ ಮಗ್ಗುಲು ಹೊಂಬಣ್ಣಕ್ಕೆ ಬಂದ ಕೂಡಲೆ ತೆಗೆದಿಡಬೇಕು.

ಈಗ ಅಳಂಬಿಯ ಸರದಿ. ಅದರ ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ಒಮ್ಮೆಗೇ ಗುಡ್ಡೆ ಹಾಕಿದರೆ ಅದು ತನ್ನ ನೀರಿನಲ್ಲಿ ತಾನೇ ಮುಳುಗಿ ರಬ್ಬರಿನಂತಾಗುವದು. ಹರವಿ ಹುರಿದರೆ ನೀರು ಆವಿಯಾಗಿ ಸುವಾಸನೆಯು ಉಳಿಯುವದು. ಉಪ್ಪನ್ನು ಕಡೆಗೆ ಹಾಕಬೇಕು. ಹೆಚ್ಚಿದ ಉಳ್ಳಾಗಡ್ಡಿ ಬಳ್ಳೊಳ್ಳಿಗಳು ಮೆತ್ತಗಾದ ಮೇಲೆ ದ್ರಾಕ್ಷಾರಸವನ್ನು ಸುರಿದು, ತಳಕ್ಕೆ ಹತ್ತಿದ ಕಂದು ಪದರನ್ನು ಸೌಟಿನಿಂದ ಕೆರೆದು ಅದರಲ್ಲಿ ಕರಗಿಸಬೇಕು. ಪಾಕದ ಜೀವಾಳವು ಈ ಕಂದು ಪದರಿನಲ್ಲಿಯೇ ಇರುವದು. ಅದನ್ನು ತಿಕ್ಕಿ ತೊಳೆಯುವವರು ರುಚಿಯನ್ನು ಮೋರಿಗೆ ಚೆಲ್ಲಿದಂತೆ. ರಸವು ಅರ್ಧಕ್ಕಿಳಿದ ಬಳಿಕ ಉರಿಯನ್ನು ತಗ್ಗಿಸಿ, ಕೆನೆಯನ್ನು ಬೆರೆಸಿ, ಮಾಂಸವನ್ನು ಮರಳಿ ಇಳಿಬಿಟ್ಟು ಕೆಲವು ನಿಮಿಷ ಕುದಿಸಿದರೆ ಆಯಿತು. ಹೋಳಿನ ನಡುಭಾಗದ ಉಷ್ಣಮಾನವು 74 ಅಂಶ ಸೆಂಟಿಗ್ರೇಡಿಗೆ ಮುಟ್ಟಿದರೆ ಮಾಂಸವು ನಿರ್ಭಯವಾಗಿ ಬೆಂದಂತೆ.

ಹುಳಿಯಾದ ರಸಕ್ಕೆ ಕೆನೆಯನ್ನು ಹಾಕಿದರೆ ಒಡೆಯುವದಿಲ್ಲವೇ ಎಂದು ಅನುಭವಸ್ಥ ಗೃಹಿಣಿಯು ಕೇಳದಿರಲಾರಳು. ಹಾಲನ್ನು ಹಾಕಿದರೆ ಅವಶ್ಯವಾಗಿ ಒಡೆಯುವದು. ಒಡೆಯುವದು ಹಾಲಿನ ಪ್ರೋಟೀನು; ಗಟ್ಟಿ ಕೆನೆಯಲ್ಲಿ ಕೊಬ್ಬು ಹೆಚ್ಚು, ಆ ಪ್ರೋಟೀನು ಕಡಿಮೆ. ಆದಕಾರಣ ಅದು ಹುಳಿಯನ್ನೂ ಕಾವನ್ನೂ ತಾಳಿಕೊಳ್ಳುವದು. ಕೆನೆಯು ತೆಳುವಾಗಿದ್ದರೆ ಒಂದು ಚಮಚ ಹಿಟ್ಟನ್ನು ಕದಡಿ ಹಾಕಬೇಕು. ಇದು ಹೊಸ ವಿದ್ಯೆಯಲ್ಲ. ಮಜ್ಜಿಗೆಯ ಕಡಿಯನ್ನು ಕುದಿಸುವಾಗ ಕಡಲೆಹಿಟ್ಟನ್ನು ಕಲಸುವ ಕೈಗಳಿಗೆ ಇದರ ಮರ್ಮವು ತಿಳಿದದ್ದೇ ಇದೆ.

ಪಾಕವು ಇಷ್ಟಕ್ಕೆ ಮುಗಿಯಿತು. ಆದರೆ ವಿಚಾರವು ಇಲ್ಲಿಂದ ಮೊದಲಾಗುವದು. ಇದರೊಳಗಿನ ಎರಡು ಪದಾರ್ಥಗಳು ಹಿರಿಯರ ಮನೆಗಳಲ್ಲಿ ಸಂಶಯಕ್ಕೆ ಪಾತ್ರವಾದವು: ಒಂದು ಅಳಂಬಿ, ಇನ್ನೊಂದು ದ್ರಾಕ್ಷಾರಸ.

ಅಳಂಬಿಯನ್ನು ಮನುಸ್ಮೃತಿಯು ಬಳ್ಳೊಳ್ಳಿ ಉಳ್ಳಾಗಡ್ಡಿಗಳ ಪಂಕ್ತಿಯಲ್ಲಿಯೇ ಕೂಡಿಸಿ ದ್ವಿಜರಿಗೆ ನಿಷೇಧಿಸಿದೆ. ಆದರೂ ಮುಂಗಾರು ಮಳೆಗಳು ಹಿಡಿದ ಮೇಲೆ ಪಶ್ಚಿಮಘಟ್ಟದ ಸೀಮೆಯ ಜನರು ಹುತ್ತಗಳ ಸುತ್ತ ಕಣ್ಣಿಡುವದನ್ನು ಯಾವ ಸ್ಮೃತಿಯೂ ನಿಲ್ಲಿಸಲಿಲ್ಲ. ಗೆದ್ದಲು ಹುಳಗಳು ನೆಲದೊಳಗೆ ತಮ್ಮ ಆಹಾರಕ್ಕಾಗಿ ಒಂದು ಬಗೆಯ ಶಿಲೀಂಧ್ರದ ತೋಟವನ್ನೇ ಮಾಡುವವು. ಮಳೆ ಬಿದ್ದಾಗ ಆ ತೋಟದಿಂದಲೇ ಕೊಡೆಗಳು ನೆಲವನ್ನು ಸೀಳಿ ಮೇಲಕ್ಕೆ ಬರುವವು. ಮನುಷ್ಯನಿಗೆ ಈ ಜಾತಿಯನ್ನು ಬೆಳೆಸುವ ವ್ಯವಸಾಯವು ಇನ್ನೂ ಕೈಗೂಡಿಲ್ಲ. ಗೆದ್ದಲಿಗೆ ಅದು ಅನಾದಿಯಿಂದ ಸಿದ್ಧಿಸಿದೆ. ಪೇಟೆಯಲ್ಲಿ ವರ್ಷವಿಡೀ ಸಿಗುವ ಬಿಳಿ ಗುಂಡಿಯಂಥ ಅಳಂಬಿಯು ಬೇರೆ. ಅದರ ಬೇಸಾಯವು ಫ್ರಾನ್ಸಿನಲ್ಲಿ ಬೆಳೆದು, ಪ್ಯಾರಿಸಿನ ಹಳೆಯ ಕಲ್ಲುಗಣಿಗಳ ಕತ್ತಲೆಯಲ್ಲಿ ದೊಡ್ಡ ಉದ್ಯೋಗವಾಯಿತು. ನಮ್ಮ ದೇಶದಲ್ಲಿ 1960ರ ದಶಕದಿಂದ ಹಿಮಾಚಲದ ಸೋಲನ್‌ದಲ್ಲಿ ಅದರ ಪ್ರಯೋಗಗಳು ನಡೆದವು.

ಅಡವಿಯ ಅಳಂಬಿಯ ವಿಷಯದಲ್ಲಿ ಒಂದು ಮಾತನ್ನು ಕಠಿಣವಾಗಿಯೇ ಹೇಳಬೇಕಾಗಿದೆ. ಬೆಳ್ಳಿಯ ಚಮಚವು ಕಪ್ಪಾಗದಿದ್ದರೆ, ಬಳ್ಳೊಳ್ಳಿಯ ಬಣ್ಣ ಕೆಡದಿದ್ದರೆ, ಹುಳವು ತಿಂದಿದ್ದರೆ ಅಳಂಬಿಯು ನಿರ್ವಿಷವೆಂಬ ಪರೀಕ್ಷೆಗಳೆಲ್ಲ ಹುಸಿಯಾದವು. ಅತಿ ಘೋರವಾದ ವಿಷವು ಕುದಿಸಿದರೂ ನಾಶವಾಗುವದಿಲ್ಲ. ಉಂಡ ಆರೆಂಟು ತಾಸುಗಳವರೆಗೆ ಏನೂ ತೋರದು. ಬಳಿಕ ವಾಂತಿಭೇದಿಗಳಾಗಿ, ನಡುವೆ ಒಂದು ದಿನ ಗುಣವಾದಂತೆ ಕಂಡು, ಅಷ್ಟರೊಳಗೆ ಯಕೃತ್ತು ಕೆಟ್ಟಿರುವದು. ಪೀಳಿಗೆಗಳಿಂದ ಅದೇ ಹುತ್ತದ ಅದೇ ಜಾತಿಯನ್ನು ಬಲ್ಲವರ ಕಣ್ಣಿನ ಹೊರತು ಬೇರೆ ಪ್ರಮಾಣವನ್ನು ನಂಬಬಾರದು. ಅಂಥವರು ಹತ್ತಿರವಿಲ್ಲದಿದ್ದರೆ ಪೇಟೆಯ ಗುಂಡಿ ಅಳಂಬಿಯೇ ಲೇಸು.

ದ್ರಾಕ್ಷಾರಸದ ಪ್ರಶ್ನೆಯು ಇದಕ್ಕಿಂತ ಸೂಕ್ಷ್ಮವಾದದ್ದು. ದೇಸೂರಿನ ಭಾಗದ ಒಂದು ಒಕ್ಕಲುತನದ ಮನೆಯಲ್ಲಿ ನಡೆದ ಸಂಗತಿಯು ಇದಕ್ಕೆ ನಿದರ್ಶನವಾಗಿದೆ. ಮೊಮ್ಮಗನ ಹೆಂಡತಿಯು ಪುಣೆಯಲ್ಲಿ ಕಲಿತು ಬಂದ ಈ ಪಾಕವನ್ನು ಮಾಡಲು ತೊಡಗಿದಳು. ಮನೆಯ ಹಿರಿಯಳಾದ ಆಯಿಯು ಕೋಳಿಯನ್ನು ಉಣ್ಣುವವಳೇ. ಆದರೆ ಸೀಸೆಯನ್ನು ಕಂಡು ಅವಳ ಮೋರೆಯು ಕಪ್ಪಿಟ್ಟಿತು. ಆಕೆಯ ಮೈದುನನ ಕುಡಿತದ ಚಟಕ್ಕೆ ಎರಡು ಎಕರೆ ಭತ್ತದ ಗದ್ದೆಯು ಪರರ ಪಾಲಾದದ್ದನ್ನು ಆ ಮನೆಯು ಮರೆತಿರಲಿಲ್ಲ.

“ಇದರಾಗ ಶೆರೆ ಹಾಕತಿ ಏನವಾ?” ಎಂದು ಆಕೆ ಕೇಳಿದಳು.

ಮೊಮ್ಮಗನು ನಡುವೆ ಬಾಯಿ ಹಾಕಿ, “ಕುದಿಸಿದ ಮ್ಯಾಲ ಎಲ್ಲಾ ಹಾರಿ ಹೋಗತೈತಿ ಆಯಿ, ಏನೂ ಉಳಿಯೂದಿಲ್ಲ. ನೀ ದಿನಾ ಕುಡಿಯೂ ದ್ರಾಕ್ಷಾಸವದಾಗರ ಏನೈತಿ?” ಎಂದನು.

ಸೊಸೆಯು ಸೌಟನ್ನು ಕೆಳಗಿಟ್ಟು ತುಸು ಹೊತ್ತು ಸುಮ್ಮನಿದ್ದಳು. ಕಡೆಗೆ, “ಹಂಗಲ್ಲ ಆಯಿ. ಎಲ್ಲಾ ಹೋಗೂದಿಲ್ಲ, ಒಂದಿಷ್ಟು ಉಳೀತೈತಿ” ಎಂದಳು.

“ಖರೇ ಹೇಳಿದಿ. ನನಗ ಬ್ಯಾಡ, ನೀವು ಉಣ್ರಿ” ಎಂದು ಮುದುಕಿಯು ಎದ್ದುಹೋದಳು.

ಮೊಮ್ಮಗನ ಎರಡು ವಾದಗಳನ್ನೂ ಪರೀಕ್ಷಿಸಬೇಕು. ಕುದಿಸಿದರೆ ಮದ್ಯಸಾರವೆಲ್ಲ ಹಾರಿಹೋಗುವದೆಂಬದು ದೊಡ್ಡ ದೊಡ್ಡ ಅಡಿಗೆಯವರ ಬಾಯಲ್ಲಿಯೂ ಕೇಳಬರುವ ಮಾತು. 1992ರಲ್ಲಿ ಅಮೇರಿಕೆಯ ಸಂಶೋಧಕರು ಇದನ್ನು ಅಳೆದು ಪ್ರಕಟಿಸಿದರು. ಹದಿನೈದು ನಿಮಿಷ ಕುದಿಸಿದ ಪಾಕದಲ್ಲಿ ಸುಮಾರು ನೂರಕ್ಕೆ 40 ಪಾಲು, ಒಂದು ತಾಸು ಕುದಿಸಿದರೆ 25 ಪಾಲು, ಎರಡೂವರೆ ತಾಸಿನ ಬಳಿಕವೂ 5 ಪಾಲು ಮದ್ಯಸಾರವು ಉಳಿಯುವದು. ಪಾತ್ರೆಯ ಅಗಲದಂತೆ ಇದರಲ್ಲಿ ಹೆಚ್ಚು ಕಡಿಮೆಯಾಗುವದು. ಮೇಲೆ ಹೇಳಿದ 120 ಮಿಲಿಲೀಟರ್ ರಸದಲ್ಲಿ ನೂರಕ್ಕೆ 12ರಂತೆ ಹದಿನಾಲ್ಕು ಮಿಲಿಲೀಟರಿನಷ್ಟು ಮದ್ಯಸಾರವಿದ್ದರೆ, ಆರರಷ್ಟು ಉಳಿದು, ನಾಲ್ವರಲ್ಲಿ ಒಬ್ಬೊಬ್ಬರ ಪಾಲಿಗೆ ಒಂದೂವರೆ ಬರುವದು. ಇದು ಅಮಲೇರಿಸುವಷ್ಟು ಅಲ್ಲ, ಇಲ್ಲವೆನ್ನುವಷ್ಟೂ ಅಲ್ಲ.

ದ್ರಾಕ್ಷಾಸವದ ಮಾತು ಚಮತ್ಕಾರದ್ದು, ನಿಜವೂ ಹೌದು. ದ್ರಾಕ್ಷಿಯ ಕಷಾಯಕ್ಕೆ ಸಿಹಿಯನ್ನೂ ಧಾತಕೀ ಪುಷ್ಪವನ್ನೂ ಕೂಡಿಸಿ ಹುದುಗಿಸಿದ ಆ ಔಷಧದಲ್ಲಿ ತಾನಾಗಿ ಹುಟ್ಟಿದ ಮದ್ಯಸಾರವು ಇದ್ದೇ ಇರುವದು. ಆದರೆ ಆಕೆ ಅದನ್ನು ಚಮಚದಿಂದ ಅಳೆದು, ಔಷಧವೆಂದು ತಿಳಿದು, ತಾನೇ ಕುಡಿಯುವಳು. ತಿಳಿದು ಕುಡಿದದ್ದಕ್ಕೂ ಪರರು ತಿಳಿಸದೆ ಉಣಿಸಿದ್ದಕ್ಕೂ ಅಜಗಜಾಂತರವುಂಟು. ಅಲ್ಲದೆ ಈ ಸೀಮೆಯಲ್ಲಿ ಮದ್ಯದ ಬಗೆಗಿನ ಜುಗುಪ್ಸೆಯು ಬರಿಯ ಮಡಿವಂತಿಕೆಯಲ್ಲ. ಮಹಾತ್ಮಾ ಗಾಂಧಿಯವರು ಅಧ್ಯಕ್ಷರಾದ ಏಕಮೇವ ಕಾಂಗ್ರೆಸ್ ಅಧಿವೇಶನವು 1924ರಲ್ಲಿ ಬೆಳಗಾವಿಯಲ್ಲಿಯೇ ಕೂಡಿತು. 1930ರ ಸತ್ಯಾಗ್ರಹದಲ್ಲಿ ದೇಶದ ಹೆಣ್ಣುಮಕ್ಕಳು ಶೆರೆಯಂಗಡಿಗಳ ಮುಂದೆ ನಿಂತು ತಡೆದರು. 1949ರ ಪಾನನಿಷೇಧದ ಕಾಯದೆಯು ಮುಂಬಯಿ ಪ್ರಾಂತದೊಳಗಿದ್ದ ಈ ಜಿಲ್ಲೆಗೂ ಅನ್ವಯಿಸಿತು. ಮನೆ ಮುರಿದ ಅನುಭವವೂ ನಾಡಿನ ಚರಿತ್ರೆಯೂ ಒಂದಾಗಿ ಆ ಮುದುಕಿಯ ಬಾಯಿಂದ ‘ಬ್ಯಾಡ’ ಎಂದು ನುಡಿದಿದ್ದವು.

ಹಾಗಾದರೆ ದ್ರಾಕ್ಷಾರಸವಿಲ್ಲದೆ ಈ ಪಾಕವು ಆಗದೇ? ಅದು ಮಾಡುವ ಕೆಲಸಗಳು ಮೂರು. ತಳದ ಕಂದು ಪದರನ್ನು ಕರಗಿಸುವದು. ಇದನ್ನು ಕೋಳಿಯ ಎಲುಬಿನ ಸಾರೂ ಮಾಡಬಲ್ಲದು. ಕೆನೆಯ ಜಿಡ್ಡನ್ನು ಹುಳಿಯಿಂದ ಕತ್ತರಿಸುವದು. ಇದನ್ನು ಎಳೆಯ ದ್ರಾಕ್ಷಿಯ ಹುಳಿರಸವು ಮಾಡುವದು. ಯುರೋಪಿನವರೂ ಮಧ್ಯಯುಗದಲ್ಲಿ ಕಾಯಿ ದ್ರಾಕ್ಷಿಯ ಈ ರಸವನ್ನೇ ಬಹಳವಾಗಿ ಬಳಸುತ್ತಿದ್ದರು. ಅದು ಸಿಗದಿದ್ದರೆ ಒಲೆಯಿಂದಿಳಿಸುವಾಗ ಹಿಂಡಿದ ನಿಂಬೆಯಾದರೂ ಆದೀತು. ಮೂರನೆಯದು, ನೀರಿಗೆ ಬಗ್ಗದ ಕೆಲವು ಪರಿಮಳಗಳನ್ನು ಬಿಡಿಸಿ ಮೂಗಿಗೆ ಮುಟ್ಟಿಸುವದು. ಇದಕ್ಕೆ ಸಮನಾದ ಬದಲಿಯಿಲ್ಲ. ಅಷ್ಟರ ಮಟ್ಟಿಗೆ ಪಾಕವು ಬೇರೆಯೇ ಆಗುವದು, ಕೆಟ್ಟದ್ದಾಗುವದಿಲ್ಲ.

ಆ ಸೊಸೆಯು ಇನ್ನೊಂದು ಚಿಕ್ಕ ಕಡಾಯಿಯನ್ನು ಒಲೆಗೇರಿಸಿ, ಎಲುಬಿನ ಸಾರು ನಿಂಬೆಗಳಿಂದ ಅದೇ ರಸ್ಸಾವನ್ನು ಮಾಡಿ, ಬೆಳಗಾವಿಯ ಬಾಸುಮತಿ ಅನ್ನದ ಜೊತೆಗೆ ಆಯಿಗೆ ಬಡಿಸಿದಳು. ಆಯಿಯು ಯಾವ ಪ್ರಶ್ನೆಯನ್ನೂ ಕೇಳದೆ ಉಂಡಳು. ಮೊದಲೊಮ್ಮೆ ನಿಜವನ್ನು ಹೇಳಿದವಳ ಕೈಯ ಅನ್ನಕ್ಕೆ ಎರಡನೆಯ ಸಲ ಸಾಕ್ಷಿಯು ಬೇಡವಾಯಿತು.

ಕಾಲವು ಸಾಗಿದೆ. ದ್ರಾಕ್ಷಿಯ ನಾಡಾದ ಕರ್ನಾಟಕವು 2007ರಲ್ಲಿ ದ್ರಾಕ್ಷಾರಸದ ಉದ್ಯೋಗಕ್ಕಾಗಿಯೇ ಒಂದು ಧೋರಣೆಯನ್ನು ಪ್ರಕಟಿಸಿತು. ಇಂಥ ಪಾಕಗಳು ಇನ್ನೂ ಹೆಚ್ಚು ಮನೆಗಳನ್ನು ಹೊಗುವವು. ಹೊಗಲಿ. ಅವುಗಳನ್ನು ಮಾಡುವವರು ಪಂಕ್ತಿಯಲ್ಲಿ ಕುಳಿತವರಲ್ಲಿ ಯಕೃತ್ತಿನ ರೋಗಿಯಿರುವನೇ, ಗರ್ಭಿಣಿಯಿರುವಳೇ, ಕುಡಿತವನ್ನು ಬಿಟ್ಟು ಬದುಕನ್ನು ಕಟ್ಟುತ್ತಿರುವವನಿರುವನೇ, ವ್ರತಸ್ಥರಿರುವರೇ ಎಂದು ಮೊದಲು ವಿಚಾರಿಸಿ, ಪಾತ್ರೆಯಲ್ಲಿ ಏನಿದೆಯೆಂಬದನ್ನು ಬಡಿಸುವ ಮುಂಚೆಯೇ ಬಾಯಿಬಿಟ್ಟು ಹೇಳಬೇಕು. ಉಪ್ಪು ಹೆಚ್ಚಾದರೆ ಒಂದು ಹೊತ್ತಿನ ಊಟವು ಕೆಡುವದು. ಉಣ್ಣುವವರ ವಿಶ್ವಾಸವು ಕೆಟ್ಟರೆ ಆ ಮನೆಯ ಒಲೆಯೇ ಕೆಟ್ಟಂತಾಗುವದು.