ಗಣಿ ಮುಚ್ಚಿದ ಮೇಲಿನ ರೂರ್

ಬಾಟ್ರೊಪ್ ಊರಂಚಿನ ಗುಡ್ಡ ಮನುಷ್ಯರೇ ಕಟ್ಟಿದ್ದು. ಕಲ್ಲಿದ್ದಲಿನ ಜೊತೆ ಮೇಲೆ ಬಂದ ಕಲ್ಲುಮಣ್ಣನ್ನು ವರ್ಷಾನುಗಟ್ಟಲೆ ಸುರಿದು ಸುರಿದು ಎದ್ದದ್ದು. ಈಗ ಅಲ್ಲಿ ಮರಗಿಡ ಬೆಳೆದಿವೆ, ನೆತ್ತಿಯ ಮೇಲೆ ಉಕ್ಕಿನ ತೆರೆದ ಪಿರಮಿಡ್ ನಿಂತಿದೆ. ಅದರ ಮೆಟ್ಟಿಲೇರಿದರೆ ಜರ್ಮನಿಯ ರೂರ್ ಪ್ರದೇಶ ಸುತ್ತಲೂ ಹರಡಿಕೊಳ್ಳುತ್ತದೆ. 1957ರ ಸುಮಾರಿಗೆ ಪಶ್ಚಿಮ ಜರ್ಮನಿಯ ಕಲ್ಲಿದ್ದಲ ಗಣಿಗಳಲ್ಲಿ 6 ಲಕ್ಷದಷ್ಟು ಜನ ದುಡಿಯುತ್ತಿದ್ದರು, ಬಹುಪಾಲು ಇಲ್ಲೇ. ರೂರ್‌ನ ಕೊನೆಯ ಗಣಿ ಪ್ರಾಸ್ಪರ್-ಹಾನಿಯೆಲ್ ಇದೇ ಊರಿನದು. ಅದು 2018ರ ಡಿಸೆಂಬರ್‌ನಲ್ಲಿ ಮುಚ್ಚಿತು.

ಗಣಿ ಹೋದರೂ ಅದರ ಸಾಲ ಹೋಗಿಲ್ಲ. ಒಳಗೆ ಟೊಳ್ಳಾದ ನೆಲ ಕೆಲವೆಡೆ 20 ಮೀಟರಿಗೂ ಹೆಚ್ಚು ಕುಸಿದಿದೆ. ನೀರೆತ್ತುವ ಪಂಪುಗಳು ನಿಂತರೆ ತಗ್ಗಿನ ಬಡಾವಣೆಗಳು ಕೆರೆಯಾಗುತ್ತವೆ. ಆ ಪಂಪುಗಳನ್ನು ಎಂದೆಂದಿಗೂ ನಡೆಸುವ ಖರ್ಚಿಗೆಂದೇ ಒಂದು ಪ್ರತಿಷ್ಠಾನವಿದೆ. ಕುಸಿಯುವ ನೆಲದಲ್ಲಿ ಒಳಚರಂಡಿ ಕೊಳವೆ ಒಡೆಯುತ್ತಿದ್ದುದರಿಂದ ಎಮ್ಷರ್ ನದಿಯನ್ನೇ ಕಾಂಕ್ರೀಟ್ ಮೋರಿ ಮಾಡಿಕೊಂಡಿದ್ದರು. 1992ರಿಂದ ಮೂರು ದಶಕ ದುಡಿದು, 500 ಕೋಟಿ ಯೂರೋಗೂ ಮೀರಿ ಸುರಿದು, 51 ಕಿ.ಮೀ. ಸುರಂಗದಲ್ಲಿ ಕೊಳಚೆಯನ್ನು ಬೇರೆ ಸಾಗಿಸಿದರು. ಆ ದಡದಲ್ಲಿ ನಡೆದಾಗ ನನಗೆ ನಿಜವಾಗಿ ಸಂತೋಷವಾಯಿತು. ಇಲ್ಲಿ ನದಿ ರಿಪೇರಿಯೂ ಒಂದು ಉದ್ಯೋಗ!

ಮರುದಿನ ಎಸೆನ್‌ನಿಂದ 107ನೇ ನಂಬರಿನ ಟ್ರಾಮ್ ಹತ್ತಿ ಟ್ಸೋಲ್‌ಫೆರೈನ್ ಗಣಿಗೆ ಹೋದೆ. 1986ರಲ್ಲಿ ಮುಚ್ಚಿದ ಗಣಿ. 2001ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡ ಈಗ ಮ್ಯೂಸಿಯಂ. ಆವರಣದಲ್ಲೇ ವಿನ್ಯಾಸ ಕಲಿಸುವ ವಿಶ್ವವಿದ್ಯಾಲಯವಿದೆ. ನಮಗೆ ಜಾಗ ತೋರಿಸಿದವರು ಹಳೆಯ ಗಣಿ ಕಾರ್ಮಿಕರೊಬ್ಬರು.

“ಗಣಿ ಮುಚ್ಚಿದಾಗ ನಿಮ್ಮನ್ನು ಮನೆಗೆ ಕಳಿಸಲಿಲ್ಲವೇ?” ಎಂದು ಕೇಳಿದೆ.

“ಇಲ್ಲ. ಪಕ್ಕದ ಗಣಿಗೆ ಹಾಕಿದರು. ಅದೂ ಮುಚ್ಚುವ ಹೊತ್ತಿಗೆ ನನಗೆ ವಯಸ್ಸಾಗಿತ್ತು, ನಿವೃತ್ತಿಯವರೆಗೆ ಒಂದಿಷ್ಟು ಹಣ ಕೊಟ್ಟರು. ಕಿರಿಯರಿಗೆ ಬೇರೆ ಕೆಲಸ ಕಲಿಸಿದರು.”

ಎಲ್ಲ ಗಣಿಗಳನ್ನೂ ಮುಚ್ಚುವ ಗಡುವು 2007ರಲ್ಲೇ ಗೊತ್ತಾಗಿತ್ತು. ತಯಾರಿಗೆ ಹನ್ನೊಂದು ವರ್ಷ ಸಿಕ್ಕಿತು. ಅದಕ್ಕೂ ಬಹಳ ಮೊದಲು, 1965ರಲ್ಲಿ, ಬೋಖುಮ್‌ನಲ್ಲಿ ವಿಶ್ವವಿದ್ಯಾಲಯ ತೆರೆದಿತ್ತು. ಆಮೇಲೆ ಡಾರ್ಟ್‌ಮುಂಡ್‌ನಲ್ಲಿ, ಎಸೆನ್‌ನಲ್ಲಿ. ಗಣಿ ಕಾರ್ಮಿಕರ ಮಕ್ಕಳು ಮನೆಯಿಂದಲೇ ಹೋಗಿ ಓದಿದರು. ಈ ಪ್ರದೇಶವನ್ನು ಉಳಿಸಿದ್ದರಲ್ಲಿ ಮ್ಯೂಸಿಯಮ್ಮುಗಳಿಗಿಂತ ಆ ತರಗತಿಗಳ ಪಾಲೇ ದೊಡ್ಡದೆಂದು ನಾನು ನಂಬುತ್ತೇನೆ.

ಆ ಮನುಷ್ಯನ ಮಾತು ಕೇಳುತ್ತ ನಮ್ಮ ಕೆಜಿಎಫ್ ನೆನಪಾಗಿ ಹೊಟ್ಟೆ ಉರಿಯಿತು. ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಸುರಂಗಗಳಲ್ಲಿ ನೀರು ತುಂಬಿತು, ಸೈನೈಡ್ ಗುಡ್ಡಗಳು ಬಟಾಬಯಲಲ್ಲಿ ಉಳಿದವು. ಅಲ್ಲಿನ ಮಕ್ಕಳು ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ನಷ್ಟದ ಗಣಿಯನ್ನು ಮುಚ್ಚಲೇಬೇಕಿತ್ತೇನೋ, ಆದರೆ ಅದರ ಬದಲಿಗೆ ಊರಿಗೆ ಏನು ಕೊಟ್ಟೆವು?

ಹಾಗೆಂದು ರೂರ್‌ನಲ್ಲೂ ಎಲ್ಲವೂ ಗೆದ್ದಿಲ್ಲ. ಬೋಖುಮ್‌ನ ಹಳೆಯ ಗಣಿ ಜಾಗಕ್ಕೆ 1962ರಲ್ಲಿ ಓಪೆಲ್ ಕಾರ್ ಕಾರ್ಖಾನೆ ಬಂತು, 2014ರಲ್ಲಿ ಬಾಗಿಲು ಹಾಕಿತು. ಅಲ್ಲಿದ್ದ ನೋಕಿಯಾ ಕಾರ್ಖಾನೆ 2008ರಲ್ಲೇ ಹೋಗಿತ್ತು. ಕಲ್ಲಿದ್ದಲಿನ ಬದಲು ಇನ್ನೊಬ್ಬ ದೊಡ್ಡ ಯಜಮಾನನನ್ನು ನೆಚ್ಚಿದ್ದರ ಫಲ. ಓಪೆಲ್ ಜಾಗದಲ್ಲೀಗ ಪಾರ್ಸೆಲ್ ಕೇಂದ್ರವೂ ವಿಶ್ವವಿದ್ಯಾಲಯದ ಪ್ರಯೋಗಾಲಯಗಳೂ ಅಕ್ಕಪಕ್ಕ ನಿಂತಿವೆ. ಈ ಸಲ ಪಾಠ ಕಲಿತಂತಿದೆ.

ಅದೇ 107ರಲ್ಲಿ ಮುಂದೆ ಹೋದರೆ ಗೆಲ್ಸೆನ್‌ಕಿರ್ಷೆನ್. ಜರ್ಮನಿಯಲ್ಲಿ ನಿರುದ್ಯೋಗ ಅತಿ ಹೆಚ್ಚಿರುವ ನಗರಗಳಲ್ಲೊಂದು. ಮುಖ್ಯ ಬೀದಿಯಲ್ಲೂ ಖಾಲಿ ಮಳಿಗೆಗಳು. ಕಾಫಿ ಕುಡಿಯಲು ನಿಂತ ಗೂಡಂಗಡಿಯಾಕೆಗೆ ನಾನು ಟ್ಸೋಲ್‌ಫೆರೈನ್ ನೋಡಿ ಬಂದದ್ದನ್ನು ಹೇಳಿದೆ.

“ಚೆನ್ನಾಗಿದೆ, ನಾನೂ ಹೋಗಿದ್ದೇನೆ,” ಎಂದರು. “ನಮ್ಮಪ್ಪ ಗಣಿಯಲ್ಲಿದ್ದರು, ನಡೆದೇ ಕೆಲಸಕ್ಕೆ ಹೋಗಿಬರುತ್ತಿದ್ದರು. ನನ್ನ ಮಗ ಗೋದಾಮಿನ ಕೆಲಸಕ್ಕೆ ದಿನಾ ಡಾರ್ಟ್‌ಮುಂಡ್‌ಗೆ ಹೋಗುತ್ತಾನೆ, ಅದೂ ಆರು ತಿಂಗಳ ಕರಾರು.”

ಅರವತ್ತು ವರ್ಷ, ಅಷ್ಟೊಂದು ಹಣ, ಅಷ್ಟೊಂದು ವಿಶ್ವವಿದ್ಯಾಲಯಗಳು ಇದ್ದೂ ಆಕೆಯ ಮಗನವರೆಗೆ ಊರು ಉಳಿಸುವ ಆ ಕೆಲಸ ಇನ್ನೂ ತಲುಪಿಲ್ಲ.