ಅರ್ಧಕ್ಕೆ ಬಿಟ್ಟ ಪುಸ್ತಕ

ನಾವು ಒಂದು ಪುಸ್ತಕವನ್ನು ಅರ್ಧಕ್ಕೆ ಬಿಟ್ಟೆವು. ಇದೇನು ಬರೆಯುವಂಥ ಸಂಗತಿಯೇ ಎಂದು ಕೇಳುವವರಿದ್ದಾರೆ. ಮನೆ ತುಂಬ ಪುಸ್ತಕ ಇದ್ದವರಿಗೆ ಅಲ್ಲ. ಅವರು ನಾಲ್ಕು ಪುಟ ಓದಿ, ಆಕಳಿಸಿ, ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ಮೊದಲು ಪುಸ್ತಕ ಹಿಡಿದವರು ನಾವೇ. ನೆಲಕ್ಕೆ ಬಿದ್ದ ಪುಸ್ತಕವನ್ನು ಎತ್ತಿ ಕಣ್ಣಿಗೊತ್ತಿಕೊಳ್ಳುವ ಅವ್ವಂದಿರು ನಮ್ಮವರು. ಅದರೊಳಗೆ ಏನಿದೆ ಎಂದು ಅವರಿಗೆ ಗೊತ್ತಿಲ್ಲ. ಅದನ್ನು ಹಿಡಿದು ಮಗ ಮೇಲೆ ಬರುತ್ತಾನೆ ಎಂಬುದಷ್ಟೇ ಗೊತ್ತು. ಹಾಗಾಗಿ ಪುಸ್ತಕ ಅರ್ಧಕ್ಕೆ ಬಿಡುವುದೆಂದರೆ ನಮಗೆ ಉಣ್ಣಲು ಕೂತು ತಟ್ಟೆಯಲ್ಲಿ ಹಿಟ್ಟು ಬಿಟ್ಟು ಎದ್ದಂತೆ. ಪಾಪ.

ಆ ಪುಸ್ತಕ ಟೋಲ್ಕಿನ್ ಎಂಬ ಇಂಗ್ಲಿಷ್ ಪ್ರೊಫೆಸರ್ ಬರೆದ 'ದಿ ಲಾರ್ಡ್ ಆಫ್ ದಿ ರಿಂಗ್ಸ್'. 1954-55ರಲ್ಲಿ ಮೂರು ಸಂಪುಟಗಳಾಗಿ ಬಂದದ್ದು. 2001ರಿಂದ 2003ರವರೆಗೆ ಮೂರು ಸಿನಿಮಾಗಳೂ ಆದವು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಮೂರನ್ನೂ ಸೇರಿಸಿ ಹೊಲಿದ ದಪ್ಪ ಪ್ರತಿಯೊಂದು ಸಿಕ್ಕಿತು. ಸಾವಿರ ಪುಟಕ್ಕೂ ಮೇಲೆ. ಹಾಸ್ಟೆಲಿನ ನಾಲ್ವರು ಕೈಯಿಂದ ಹಾಕಿ ತಂದೆವು. ಇಂಥ ಮಹಾಕೃತಿ ಓದದವರು ಇಂಗ್ಲಿಷ್ ಎಂ.ಎ.ಗೆ ಯಾಕೆ ಬರಬೇಕು ಎಂದು ಕ್ಲಾಸಿನಲ್ಲಿ ಒಬ್ಬ ಮೇಷ್ಟ್ರು ಅಂದಿದ್ದರು. ಅನ್ನುವಾಗ ಹಿಂದಿನ ಬೆಂಚಿನ ಕಡೆ ನೋಡಿದ್ದರು. ಅಲ್ಲಿ ಕೂತಿದ್ದವರು ನಾವು.

ರಾತ್ರಿ ಊಟವಾದ ಮೇಲೆ ಒಬ್ಬ ಓದುವುದು, ಅಲ್ಲಲ್ಲೇ ಕನ್ನಡ ಮಾಡಿ ಹೇಳುವುದು, ಉಳಿದವರು ಕೇಳುವುದು. ಮೊದಮೊದಲು ಹಿಡಿಸಿತು. ಹಾಬಿಟ್ ಎಂಬ ಕುಳ್ಳ ಜನ. ತಮ್ಮ ಪಾಡಿಗೆ ಬೇಸಾಯ ಮಾಡಿಕೊಂಡು ಉಂಡುಟ್ಟು ಇರುವವರು. ಲೋಕವನ್ನೇ ಆಳಿಸಬಲ್ಲ ಉಂಗುರವೊಂದು ಅವರಲ್ಲೊಬ್ಬನ ಕೈಗೆ ಬರುತ್ತದೆ. ಅದನ್ನು ತೊಟ್ಟು ಆಳುವುದಲ್ಲ, ಬೆಂಕಿಬೆಟ್ಟಕ್ಕೆ ಒಯ್ದು ಸುಟ್ಟುಬಿಡುವುದು ಅವನ ಕೆಲಸ. ಅಧಿಕಾರವನ್ನು ಸುಡಲು ಹೊರಟ ಸಣ್ಣ ಜನರ ಕಥೆ! ಇದು ನಮ್ಮದೇ ಕಥೆ ಅಂದುಕೊಂಡೆವು.

ಉಂಗುರ ಹೊತ್ತ ಫ್ರೋಡೊ ಅನುಕೂಲಸ್ಥ. ಅವನ ಜೊತೆಗೆ ಹೊರಟ ಸ್ಯಾಮ್ ಅವನ ಮನೆಯ ತೋಟದಾಳು. ಸ್ಯಾಮನ ಅಪ್ಪನೂ ಅದೇ ತೋಟ ನೋಡಿಕೊಂಡವನು. ಗಂಟು ಹೊರುವವನು, ಅಡುಗೆ ಮಾಡುವವನು, ರಾತ್ರಿ ಎಚ್ಚರ ಇರುವವನು ಸ್ಯಾಮ್. ಮಾತಿಗೊಮ್ಮೆ 'ಮಾಸ್ಟರ್' ಅನ್ನುತ್ತಾನೆ. ಒಂದು ರಾತ್ರಿ ಓದುತ್ತಿದ್ದವನು ತಮಾಷೆಗೆ ಅದನ್ನು 'ಬುದ್ಧೀ' ಎಂದು ಕನ್ನಡ ಮಾಡಿದ. "ಮಲೀಕಳಿ ಬುದ್ಧೀ, ನಾ ಎಚ್ರ ಇರ್ತೀನಿ ಬುದ್ಧೀ." ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಒಬ್ಬ ನಗಲಿಲ್ಲ. ಅವನ ತಾತ ಎಂಟು ವರ್ಷಕ್ಕೇ ಜೀತಕ್ಕೆ ಹೋದವನು. 1976ರಲ್ಲಿ ಜೀತ ರದ್ದಿನ ಕಾಯಿದೆ ಬಂದ ಮೇಲೂ ಆ ಮಾತು ಅವನ ನಾಲಿಗೆ ಬಿಟ್ಟು ಹೋಗಿರಲಿಲ್ಲ. ಸಾಯುವಾಗ ಜ್ವರದಲ್ಲೂ "ಬುದ್ಧೀ, ಬುದ್ಧೀ" ಅಂತಿದ್ದನಂತೆ. "ಬುದ್ಧೀ ಅನ್ಬ್ಯಾಡ ಕಣ್ಲಾ, ಮಾಸ್ಟರ್ ಅಂತ್ಲೇ ಓದು" ಅಂದ. ಇಂಗ್ಲಿಷಿನಲ್ಲಿ ಅದು ಸ್ನೇಹದ ಹಾಗೆ ಕೇಳುತ್ತಿತ್ತು. ನಮ್ಮ ನುಡಿಗೆ ಬಂದ ಕೂಡಲೇ ಅದರ ಬೆನ್ನು ಬಾಗಿತು.

ಆಮೇಲೆ ಒಂದೊಂದೇ ಕಣ್ಣಿಗೆ ಚುಚ್ಚತೊಡಗಿತು. ಕಾಡಿನಲ್ಲಿ ಅಲೆಯುವ ಅರಗಾರ್ನ್ ರಾಜನಾಗತಕ್ಕವನು. ಯಾಕೆ? ಅವನು ಹಳೇ ರಾಜವಂಶದ ಕುಡಿ. ಆ ವಂಶದ ರಕ್ತ ಕೀಳು ಜನರ ರಕ್ತದೊಂದಿಗೆ ಬೆರೆತು ಕುಂದಿತೆಂದು ಹಿರಿಯರ ಸಭೆಯಲ್ಲಿ ಹೇಳಲಾಗುತ್ತದೆ. ಏಳು ಸಮುದ್ರದಾಚೆಯ ಕಥೆಯಲ್ಲೂ ವರ್ಣಸಂಕರದ ದಿಗಿಲು!

ಇನ್ನು ಆರ್ಕ್‌ಗಳು. ವೈರಿಯ ಕಾಲಾಳುಗಳು. ಕಪ್ಪು, ಕುರೂಪ, ಹುಟ್ಟಿನಿಂದಲೇ ಕೆಟ್ಟವರು. ನಾವು ಓದಿದಷ್ಟರಲ್ಲಿ ಅವರಲ್ಲಿ ಒಬ್ಬ ಹೆಂಗಸು ಕಾಣಲಿಲ್ಲ, ಒಂದು ಕೂಸು ಕಾಣಲಿಲ್ಲ. ಒಂದು ಕೋಟೆಯ ಕಾಳಗದಲ್ಲಿ ಈ ಕಡೆಯ ಇಬ್ಬರು ವೀರರು ಯಾರು ಹೆಚ್ಚು ಕೊಂದರು ಎಂದು ಪಂದ್ಯ ಕಟ್ಟುತ್ತಾರೆ. ಒಬ್ಬನದು 41, ಇನ್ನೊಬ್ಬನದು 42. ಕಾಳಗ ಮುಗಿದಾಗ ಶರಣಾದ ಮನುಷ್ಯ ವೈರಿಗಳಿಗೆ ಕ್ಷಮೆ ಸಿಗುತ್ತದೆ. ಆರ್ಕ್‌ಗಳಲ್ಲಿ ಒಬ್ಬನೂ ಉಳಿಯುವುದಿಲ್ಲ. ಓದುವವರು ನಗಲಿ ಎಂದೇ ಆ ಪಂದ್ಯ ಬರೆದದ್ದು. ನಮಗೆ ನಗು ಬರಲಿಲ್ಲ. 2000ದಲ್ಲಿ ಕಂಬಾಲಪಲ್ಲಿಯಲ್ಲಿ ನಮ್ಮವರನ್ನು ಮನೆಯೊಳಗೆ ಕೂಡಿ ಸುಟ್ಟಾಗ ನಾವು ಇನ್ನೂ ಹುಟ್ಟಿರಲಿಲ್ಲ, ಇಲ್ಲವೆ ಕೈಕೂಸು. ನಮಗೆ ಮೊದಲು ತಿಳಿದದ್ದು ಅವರ ಹೆಸರಲ್ಲ, ಏಳು ಎಂಬ ಲೆಕ್ಕ.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳುತ್ತೇವೆ. ಟೋಲ್ಕಿನ್ ದುಷ್ಟನಲ್ಲ. 1938ರಲ್ಲಿ ಅವನ 'ಹಾಬಿಟ್' ಪುಸ್ತಕವನ್ನು ತರಲಿದ್ದ ಜರ್ಮನಿಯ ಪ್ರಕಾಶಕರು ನೀನು ಆರ್ಯನೇ ಎಂದು ಕೇಳಿದಾಗ ಅವನಿಗೆ ಸಿಟ್ಟು ಬಂದಿತ್ತು. ತನ್ನ ಹಿಂದಿನವರಲ್ಲಿ ಯಹೂದಿಗಳಿಲ್ಲವಲ್ಲ ಎಂಬುದೇ ತನಗೆ ಬೇಸರ ಎಂಬರ್ಥದಲ್ಲಿ ಉತ್ತರ ಬರೆದಿಟ್ಟಿದ್ದ. 1916ರ ಸೊಮ್ ಯುದ್ಧದಲ್ಲಿ ತಾನು ಕಂಡ ಸಾಮಾನ್ಯ ಸಿಪಾಯಿಗಳನ್ನು ನೆನೆದೇ ಸ್ಯಾಮನನ್ನು ಬರೆದ. ಅವರು ತನಗಿಂತ ದೊಡ್ಡವರು ಎಂದೂ ಅಂದುಕೊಂಡಿದ್ದ. ಎರಡನೇ ಸಂಪುಟದಲ್ಲಿ ಸತ್ತು ಬಿದ್ದ ಕಪ್ಪು ಸೈನಿಕನೊಬ್ಬನನ್ನು ಕಂಡು, ಇವನ ಹೆಸರೇನಿತ್ತೋ, ಇವನು ನಿಜವಾಗಿ ಕೆಟ್ಟವನೋ, ಯಾರ ಸುಳ್ಳು ಇವನನ್ನು ಇಷ್ಟು ದೂರ ನಡೆಸಿತೋ ಎಂದು ಸ್ಯಾಮ್ ಯೋಚಿಸುತ್ತಾನೆ. ಅಷ್ಟು ಓದಿ ನಾವು ಸುಮ್ಮನಾದೆವು. ಒಂದು ಕಿಟಕಿ ತೆರೆದಂತಾಯಿತು. ಮುಂದಿನ ಪುಟಕ್ಕೆ ಮುಚ್ಚಿತು.

ಅದೇ ಸಂಪುಟದ ಕೊನೆಗೆ ಇಬ್ಬರು ಆರ್ಕ್‌ಗಳು ಕತ್ತಲಲ್ಲಿ ಮಾತಾಡಿಕೊಳ್ಳುತ್ತಾರೆ. ಮೇಲಿನವರ ಕಾಟ ಸಾಕಾಗಿದೆ. ಈ ಯುದ್ಧ ಮುಗಿದರೆ ನಂಬಿಕೆಯ ನಾಲ್ಕು ಹುಡುಗರನ್ನು ಕಟ್ಟಿಕೊಂಡು, ದೊಡ್ಡ ಧಣಿಗಳಿಲ್ಲದ ಕಡೆ ಹೋಗಿ ಬದುಕೋಣ ಅನ್ನುತ್ತಾರೆ. ಲೂಟಿಯ ಆಸೆಯೂ ಅವರಿಗಿದೆ, ಸುಳ್ಳು ಹೇಳಬಾರದು. ಆದರೂ ನಾವು ಎದ್ದು ಕೂತೆವು. ಧಣಿಗಳಿಲ್ಲದ ಜಾಗ! ಅಲ್ಲಿಯವರೆಗೆ ಓದಿದ ಪುಟಗಳಲ್ಲೆಲ್ಲ ಆ ಕನಸು ಕಂಡವರು ಈ ಇಬ್ಬರೇ. ಕಥೆ ಇವರ ಹಿಂದೆ ಹೋಗಲಿ ಎಂದು ಕಾದೆವು. ಪೂರ್ತಿ ಓದಿದ್ದ ಪಕ್ಕದ ರೂಮಿನ ಗೆಳೆಯನನ್ನು ಕೇಳಿದೆವು. "ಅವರಿಬ್ರಾ? ಮುಂದಿನ ಭಾಗ್ದಲ್ಲಿ ಬೆಲೆಬಾಳೋ ಒಂದು ಅಂಗೀಗೋಸ್ಕರ ಕಿತ್ತಾಡ್ತಾರೆ, ಅವರ ದಂಡೆಲ್ಲ ಒಬ್ಬರನ್ನೊಬ್ಬರು ಕೊಂದ್ಕೊಂಡು ಸಾಯ್ತದೆ. ಸ್ಯಾಮ್ ಮಾತ್ರ ಕೊನೇಗೆ ಊರಿಗೆ ಮೇಯರ್ ಆಯ್ತಾನೆ, ಏಳು ಸಲ."

ಸ್ಯಾಮ್ ಮೇಯರ್ ಆದದ್ದು ಸಂತೋಷವೇ. ಆದರೆ ಬಡವರಿಬ್ಬರು ಧಣಿಯಿಲ್ಲದ ಬದುಕು ಬೇಕು ಅಂದ ಕೂಡಲೇ ಅವರನ್ನು ಅಂಗಿಯೊಂದಕ್ಕೆ ಬಡಿದಾಡಿಸುವ ಕಥೆಗೆ ನಮ್ಮ ರಾತ್ರಿಗಳನ್ನು ಇನ್ನು ಕೊಡುವುದು ಬೇಡ ಅನ್ನಿಸಿತು. "ಮುಂದಕ್ಕೆ ಓದ್ಲಾ ಬ್ಯಾಡ್ವಾ?" ಎಂದ ಓದುವವನು. ಯಾರೂ ಮಾತಾಡಲಿಲ್ಲ. ಪುಸ್ತಕ ಮುಚ್ಚಿದ.

ಮಾರನೇ ದಿನ ಭಯವಾಯಿತು. ಇಂಗ್ಲಿಷ್ ಸಾಲದೆ ಬಿಟ್ಟರು ಅಂತಾರೆ. ಬಸವಲಿಂಗಪ್ಪನವರು 1973ರಲ್ಲಿ ಬೂಸಾ ಅಂದ ಹಾಗೆ ನೀವೂ ಬೂಸಾ ಅಂತೀರಾ ಎಂದು ಒಬ್ಬ ಕೆಣಕಿದ. ಆ ಒಂದು ಮಾತಿಗೆ ಅವರು ಮಂತ್ರಿಗಿರಿಯನ್ನೇ ಬಿಡಬೇಕಾಯಿತು. ನಮ್ಮ ಹತ್ತಿರ ಬಿಡಲು ಏನಿದೆ? ನಾವು ಬೂಸಾ ಅನ್ನುವುದಿಲ್ಲ. ಇದು ಬೇರೆಯವರ ಹಬ್ಬದೂಟ. ನಮ್ಮನ್ನು ಆಚೆ ಕೂರಿಸಿ ಬಡಿಸಿದ್ದಾರೆ ಅನ್ನುತ್ತೇವೆ.

ಊರಿಗೆ ಹೋದಾಗ ನಮ್ಮಲ್ಲೊಬ್ಬನ ಅವ್ವ ಕೇಳಿದಳು: "ಆ ದಪ್ಪ ಬುಕ್ಕು ಮುಗೀತಾ ಮಗಾ?" "ಇಲ್ಲ ಕಣವ್ವ, ಬುಟ್ಬುಟ್ಟೊ." ನೊಂದುಕೊಳ್ಳುತ್ತಾಳೆ ಅಂದುಕೊಂಡಿದ್ದೆವು. "ಅದ್ಕೇನು? ನೀಲಗಾರ್ರು ರಾತ್ರಿಯೆಲ್ಲ ಮಂಟೇಸ್ವಾಮಿ ಕತೆ ಹಾಡ್ವಾಗ ನಾವು ನಡೂನಡೂವೆ ಎದ್ದೋಗಿ ದನ ಕಟ್ಬುಟ್ಟು ಬರ್ನಿಲ್ವಾ? ಬೇಕಾದೋರು ಬತ್ತಾರೆ" ಅಂದಳು. ನಮಗೆ ಹೊಳೆಯದೇ ಇದ್ದದ್ದು ಇದು. ಮೈತುಂಬ ಹುಣ್ಣು ಹೊತ್ತು ಕಲ್ಯಾಣದ ಬಾಗಿಲಿಗೆ ಬಂದ ಮಂಟೇಸ್ವಾಮಿಯ ಕಥೆ ಕೇಳುವವರಿಗೆ ಪರೀಕ್ಷೆ ಇಡುವುದಿಲ್ಲ. ಪುಸ್ತಕಕ್ಕೆ ಹೆದರುವುದನ್ನು ನಾವು ಶಾಲೆಯಲ್ಲಿ ಕಲಿತೆವು.

ಹಳ್ಳಿಯಲ್ಲಿ ಪಾಠ ಹೇಳುವ ಗೆಳೆಯರಿಗೆ ಒಂದು ಮಾತು. ನಮ್ಮ ಕೇರಿಯ ಮಗು ಪುಸ್ತಕವೊಂದನ್ನು ಅರ್ಧಕ್ಕೆ ಇಟ್ಟರೆ ಬೈಯಬೇಡಿ. ಎಲ್ಲಿ ಬಿಟ್ಟೆ, ಯಾಕೆ ಬಿಟ್ಟೆ ಎಂದು ಕೇಳಿ. ಅದು ಹೇಳುವುದನ್ನು ಬರೆದುಕೊಳ್ಳಿ.

ಆ ಪುಸ್ತಕ ಈಗ ಹಾಸ್ಟೆಲಿನ ಕಿಟಕಿಯ ಮೇಲಿದೆ. ಬೇಕಾದವರು ಓದಲಿ. ನಾವು ನಾಲ್ವರು ಒಂದು ನೋಟ್‌ಬುಕ್ ತಂದಿದ್ದೇವೆ. ಧಣಿಗಳಿಲ್ಲದ ಕಡೆಗೆ ಹೊರಟ ಆ ಇಬ್ಬರು ಯಾವ ದಾರಿ ಹಿಡಿದರು, ರಾತ್ರಿ ಎಲ್ಲಿ ತಂಗಿದರು, ಯಾರು ಅವರಿಗೆ ನೀರು ಕೊಟ್ಟರು ಎಂದು ಸರದಿಯ ಮೇಲೆ ಬರೆಯುತ್ತಿದ್ದೇವೆ. ಹನ್ನೊಂದು ಪುಟ ಆಗಿದೆ.